ಹಬ್ಬದ ಹಿಂದಿನ ದಿನ ಮಾರುಕಟ್ಟೆಗೆ ಹೋಗುವ ಮುನ್ನ: ಮೈಸೂರಿನವರಿಗೊಂದು ಮಾರ್ಗದರ್ಶಿ

ಶ್ರಾವಣ ಬಂತು ಎಂದರೆ ಮೈಸೂರಿನಲ್ಲಿ ಒಂದರ ಹಿಂದೆ ಒಂದು ಹಬ್ಬ. ವರಮಹಾಲಕ್ಷ್ಮಿ, ಗೌರಿ, ಗಣೇಶ, ನವರಾತ್ರಿಯ ಗೊಂಬೆ, ಆಯುಧಪೂಜೆ, ಕೊನೆಗೆ ದೀಪಾವಳಿ. ಪ್ರತಿ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರದ ಸುತ್ತಮುತ್ತ, ಸಂತೆಪೇಟೆ, ಶಿವರಾಂಪೇಟೆ ಎಲ್ಲ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಜನ ನೂಕಾಡಿಕೊಂಡು ಸಿಕ್ಕಿದ್ದನ್ನು ಹೇಳಿದ ರೇಟಿಗೆ ತಂದು, ಮನೆಗೆ ಬಂದು ಹೂವು ಬಿಡಿಸಿ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ.

ಚೌಕಾಸಿ ಮಾಡಲು ಬರಲ್ಲ ಅಂತ ಹಿಂಜರಿಯುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಬ್ಬದ ಸಂತೆಯಲ್ಲಿ ದುಡ್ಡು ಉಳಿಯುವುದು ಹತ್ತಿಪ್ಪತ್ತು ರೂಪಾಯಿಗೆ ವಾದ ಮಾಡುವುದರಿಂದ ಅಲ್ಲ. ಯಾವ ಸಾಮಾನು ಯಾವ ದಿನ ತರಬೇಕು, ರೇಟು ಎಷ್ಟು ಅಳತೆಗೆ ಹೇಳುತ್ತಿದ್ದಾರೆ, ಈ ಎರಡು ಗೊತ್ತಿದ್ದರೆ ಮೆತ್ತಗೆ ಮಾತಾಡುವವರೂ ಚೆನ್ನಾಗಿ ವ್ಯಾಪಾರ ಮಾಡಬಹುದು.

ಮೊದಲು ಚೀಟಿ, ಅದರಲ್ಲಿ ಮೂರು ಭಾಗ

ಚೀಟಿ ಎಲ್ಲರೂ ಬರೆಯುತ್ತಾರೆ. ಆದರೆ ಉದ್ದಕ್ಕೆ ಒಂದೇ ಪಟ್ಟಿ ಬರೆದು, ಅಷ್ಟನ್ನೂ ಹಬ್ಬದ ಹಿಂದಿನ ಸಂಜೆ ತರಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಕೆಡುವುದು ಯಾವುದು, ಕೆಡದೆ ಇರುವುದು ಯಾವುದು ಅಂತ ನೋಡಿಕೊಂಡು ಮೂರು ಭಾಗ ಮಾಡಿ.

ಕೆಡದ ಸಾಮಾನು ಮೊದಲನೆಯ ಭಾಗ. ಅರಿಶಿನ, ಕುಂಕುಮ, ಕರ್ಪೂರ, ಊದಿನಕಡ್ಡಿ, ಬತ್ತಿ, ಗೆಜ್ಜೆವಸ್ತ್ರ, ರವಿಕೆ ಬಟ್ಟೆ, ಬಳೆ, ಗೌರಿ ಬಾಗಿನಕ್ಕೆ ಬೇಕಾದ ಮೊರ ಮತ್ತು ಬಿಚ್ಚೋಲೆ, ಬೆಲ್ಲ, ಕೊಬ್ಬರಿ, ಬೇಳೆ, ರವೆ. ಇವನ್ನು ಹಬ್ಬಕ್ಕೆ ಹದಿನೈದು ದಿನ ಮೊದಲೇ, ವಾರದ ನಡುವಿನ ಒಂದು ಬೆಳಿಗ್ಗೆ ಹೋಗಿ ತಂದುಬಿಡಿ. ಆಗ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ. ನಾಲ್ಕು ಬಗೆ ತೆಗೆದು ತೋರಿಸುತ್ತಾರೆ. ಸಂತೆಪೇಟೆ ಕಡೆಯ ಹೋಲ್‌ಸೇಲ್ ಅಂಗಡಿಗಳಲ್ಲಿ ಜಾಸ್ತಿ ತೊಗೊಂಡಷ್ಟೂ ರೇಟು ಇಳಿಯುತ್ತದೆ. ಒಂದು ಮನೆಗೆ ಅಷ್ಟೊಂದು ಬೇಡ ಎಂದರೆ ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿಕೊಂಡು ಒಟ್ಟಿಗೆ ತಂದು ಹಂಚಿಕೊಳ್ಳಿ. ಬಾಗಿನದ ಸಾಮಾನಿಗೆ ಇದು ತುಂಬ ಅನುಕೂಲ. ಬಳೆ, ಕನ್ನಡಿ, ಬಾಚಣಿಗೆ, ಕಪ್ಪುಮಣಿ ಎಲ್ಲ ಡಜನ್ ಲೆಕ್ಕದಲ್ಲೇ ಅಗ್ಗ.

ಹಬ್ಬಕ್ಕೆ ಎರಡು ಮೂರು ದಿನ ಮೊದಲು ತರಬೇಕಾದ್ದು ಎರಡನೆಯ ಭಾಗ. ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ನಿಂಬೆಹಣ್ಣು, ಆಯುಧಪೂಜೆಗಾದರೆ ಬೂದುಗುಂಬಳ. ಏಲಕ್ಕಿ ಬಾಳೆಯನ್ನು ಸ್ವಲ್ಪ ಹಸಿರು ಇರುವಾಗಲೇ ತನ್ನಿ. ಪೂಜೆ ಹೊತ್ತಿಗೆ ಸರಿಯಾಗಿ ಹಣ್ಣಾಗುತ್ತದೆ. ಹಿಂದಿನ ದಿನ ಸಂಜೆ ಹೋದರೆ ಹಳದಿ ಬಂದ ಚಿಪ್ಪುಗಳೆಲ್ಲ ಖಾಲಿಯಾಗಿ, ಉಳಿದದ್ದು ಒಂದೋ ತೀರಾ ಕಾಯಿ, ಇಲ್ಲ ತೊಟ್ಟು ಕಳಚಿಕೊಂಡ ಹಣ್ಣು.

ಮೂರನೆಯ ಭಾಗದಲ್ಲಿ ಇರಬೇಕಾದ್ದು ಹೂವು, ತುಳಸಿ, ಗರಿಕೆ, ಪತ್ರೆ, ಮಾವಿನ ಸೊಪ್ಪು, ಬಾಳೆಕಂದು ಮಾತ್ರ. ಹಬ್ಬದ ಹಿಂದಿನ ದಿನ ಇಷ್ಟಕ್ಕೇ ಹೋದರೆ ಅರ್ಧ ಗಂಟೆಯ ಕೆಲಸ. ಕೈಯಲ್ಲಿ ಭಾರ ಇರುವುದಿಲ್ಲ. ಭಾರ ಇಲ್ಲದವರು ನಾಲ್ಕು ಕಡೆ ಕೇಳಿ ನೋಡಬಹುದು. ಎರಡು ಕೈಯಲ್ಲೂ ಚೀಲ ತೂಗುಹಾಕಿಕೊಂಡವರು ಎದುರಿಗೆ ಸಿಕ್ಕ ಅಂಗಡಿಯಲ್ಲೇ ನಿಲ್ಲುತ್ತಾರೆ. ವ್ಯಾಪಾರಿಗಳಿಗೂ ಅದು ಗೊತ್ತು.

ಯಾವ ಹೊತ್ತಿಗೆ, ಯಾವ ದಾರಿಯಲ್ಲಿ

ಹಬ್ಬದ ಹಿಂದಿನ ದಿನ ಮಾರುಕಟ್ಟೆ ತೀರಾ ಗಿಜಿಗುಡುವುದು ಸಂಜೆ. ಆಫೀಸು ಬಿಟ್ಟವರು, ಶಾಲೆಯಿಂದ ಮಕ್ಕಳನ್ನು ಕರೆತಂದವರು, ಊರಿಂದ ಬಂದ ನೆಂಟರು ಎಲ್ಲ ಒಂದೇ ಹೊತ್ತಿಗೆ ಇಳಿಯುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಹೂವಿನ ಮೂಟೆಗಳು ಬಿಚ್ಚುವ ಹೊತ್ತಿನಲ್ಲಿ ಮಾಲು ತಾಜಾ ಇರುತ್ತದೆ, ಆರಿಸಿಕೊಳ್ಳಲು ಬಿಡುತ್ತಾರೆ, ಬೋಣಿ ಹೊತ್ತಾದ್ದರಿಂದ ಗಿರಾಕಿಯನ್ನು ವಾಪಸ್ ಕಳಿಸಲು ಯಾರಿಗೂ ಮನಸ್ಸಿರುವುದಿಲ್ಲ. ಬೋಣಿ ಹೊತ್ತಿನಲ್ಲಿ ರೇಟು ಕೇಳಿ, ಚೆಲ್ಲಾಪಿಲ್ಲಿ ಮಾಡಿ, ಏನೂ ತೊಗೊಳ್ಳದೆ ಹೋಗಬೇಡಿ. ಅವರ ನಂಬಿಕೆಗೂ ಒಂದು ಮರ್ಯಾದೆ ಕೊಡಬೇಕು ಅಲ್ವಾ. ಸುಮ್ನೆ ವಿಚಾರಿಸಲು ಬಂದಿದ್ದರೆ ಒಂದು ಗಂಟೆ ತಡವಾಗಿಯೇ ಹೋಗಿ.

ಕಾರು ತರಬೇಡಿ. ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅರ್ಧ ಸಂತೆ ಮುಗಿಸಬಹುದು. ನಗರ ಬಸ್ ನಿಲ್ದಾಣ ಇರುವುದು ಕೆ.ಆರ್. ವೃತ್ತದ ಪಕ್ಕದಲ್ಲೇ. ಅಲ್ಲಿಂದ ಮಾರುಕಟ್ಟೆಗೆ ನಡೆದೇ ಹೋಗಬಹುದು. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಗುರುತಿನ ಚೀಟಿ ಮರೆಯಬೇಡಿ. ಮನೆಗೆ ವಾಪಸ್ಸಾಗುವಾಗ ಸಾಮಾನು ಭಾರ ಇದ್ದರೆ ಮಾತ್ರ ಆಟೋ ಹಿಡಿಯಿರಿ. ಅದನ್ನೂ ಮಾರುಕಟ್ಟೆ ಬಾಗಿಲಲ್ಲಿ ಹಿಡಿಯದೆ ಸ್ವಲ್ಪ ದೂರ ನಡೆದು ಜನ ಕಡಿಮೆ ಇರುವ ಕಡೆ ಹಿಡಿದರೆ ಬೇಗ ಹೊರಡುತ್ತದೆ.

ದೇವರಾಜ ಮಾರುಕಟ್ಟೆಗೆ ತೆಂಕಣ ಬಾಗಿಲು ಚಿಕ್ಕ ಗಡಿಯಾರದ ಕಡೆ, ಬಡಗಣ ಬಾಗಿಲು ಧನ್ವಂತರಿ ರಸ್ತೆ ಕಡೆ. ಮುಂಭಾಗ ಸಯ್ಯಾಜಿರಾವ್ ರಸ್ತೆಗೆ, ಹಿಂಭಾಗ ದೇವರಾಜ ಅರಸು ರಸ್ತೆ ಕಡೆಗೆ. ಜನ ಜಾಸ್ತಿ ನುಗ್ಗುವುದು ಚಿಕ್ಕ ಗಡಿಯಾರದ ಕಡೆಯಿಂದ. ಕಟ್ಟಡಕ್ಕೆ ನೂರು ವರ್ಷಕ್ಕೂ ಮೀರಿ ವಯಸ್ಸಾಗಿದೆ. 2016ರಲ್ಲಿ ಬಡಗಣ ಬಾಗಿಲ ಕಡೆಯ ಒಂದು ಭಾಗ ಕುಸಿದು ಬಿದ್ದಿದ್ದು ಊರಿನವರಿಗೆ ನೆನಪಿದೆ. ಹಳೆಯ ಗೋಡೆಗೆ ಒರಗಿ ನಿಲ್ಲುವುದು, ಸೂರಿನ ಅಂಚಿನ ಕೆಳಗೆ ಮಕ್ಕಳನ್ನು ನಿಲ್ಲಿಸಿ ಹೋಗುವುದು ಬೇಡ. ಗಲ್ಲಿಗಳ ನಡುವೆ ನಡೆಯುತ್ತಾ ಇರಿ.

ದಸರಾದಲ್ಲಿ ಇನ್ನೊಂದು ವಿಷಯ. ಜಂಬೂಸವಾರಿ ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಾದು ಬನ್ನಿಮಂಟಪಕ್ಕೆ ಹೋಗುತ್ತದೆ. ಅಂದರೆ ವಿಜಯದಶಮಿಯ ದಿನ ಮಾರುಕಟ್ಟೆಯ ಮುಂಭಾಗವೇ ಮೆರವಣಿಗೆಯ ದಾರಿ. ಆ ದಿನ ಅಲ್ಲಿ ವ್ಯಾಪಾರದ ಯೋಚನೆ ಇಟ್ಟುಕೊಳ್ಳಬೇಡಿ. ಅದಕ್ಕೂ ಹಿಂದಿನ ಸಂಜೆಗಳಲ್ಲಿ ದೀಪಾಲಂಕಾರ ನೋಡಲು ಬಂದವರಿಂದ ಆ ರಸ್ತೆಗಳು ತುಂಬಿರುತ್ತವೆ, ವಾಹನ ಓಡಾಟಕ್ಕೆ ಪೊಲೀಸರು ಬದಲಾವಣೆ ಮಾಡಿರುತ್ತಾರೆ. ಆಯುಧಪೂಜೆಯ ಸಾಮಾನಿಗೆ ಅಗ್ರಹಾರ, ನಂಜುಮಳಿಗೆ, ಒಂಟಿಕೊಪ್ಪಲು ಕಡೆಯ ಅಂಗಡಿಗಳೇ ಸಾಕು. ಕಂದು, ಕುಂಬಳ, ಚೆಂಡು ಹೂವು ಎಲ್ಲ ಬಡಾವಣೆಗೂ ಬಂದು ಇಳಿಯುತ್ತವೆ.

ಒಂದು ಸುತ್ತು ಕೈಚೀಲ ತೆರೆಯದೆ

ಮಾರುಕಟ್ಟೆ ಒಳಗೆ ಹೋದ ತಕ್ಷಣ ಕೊಳ್ಳಬೇಡಿ. ಒಂದು ಸುತ್ತು ಸುಮ್ಮನೆ ನಡೆಯಿರಿ, ಮೂರು ನಾಲ್ಕು ಕಡೆ ರೇಟು ಕಿವಿಗೆ ಹಾಕಿಕೊಳ್ಳಿ. ನೀವೇ ಕೇಳಬೇಕು ಅಂತಿಲ್ಲ. ನಿಮ್ಮ ಮುಂದೆ ನಿಂತವರು ಕೇಳುತ್ತಿರುತ್ತಾರೆ, ಅವರು ಎಷ್ಟಕ್ಕೆ ತೊಗೊಂಡರು ಅಂತ ನೋಡಿ. ಬಾಗಿಲ ಹತ್ತಿರದ ಅಂಗಡಿಗೂ ಒಳಗಲ್ಲಿಯ ಅಂಗಡಿಗೂ ಸಾಮಾನ್ಯವಾಗಿ ವ್ಯತ್ಯಾಸ ಇದ್ದೇ ಇರುತ್ತದೆ.

ರೇಟು ಕೇಳುವಾಗ 'ಎಷ್ಟು' ಎಂದಷ್ಟೇ ಕೇಳಿದರೆ ಉತ್ತರ ಪೂರ್ತಿ ಬರುವುದಿಲ್ಲ. 'ಎಷ್ಟಕ್ಕೆ ಎಷ್ಟು' ಅಂತ ಕೇಳಿ. ಒಬ್ಬರು ಸೇವಂತಿಗೆಯನ್ನು ಕಾಲು ಕೆ.ಜಿ.ಗೆ 60 ರೂಪಾಯಿ ಅನ್ನುತ್ತಾರೆ, ಪಕ್ಕದವರು 100 ಗ್ರಾಂಗೆ 30 ಅನ್ನುತ್ತಾರೆ ಅಂತ ಇಟ್ಟುಕೊಳ್ಳಿ. ಕಿವಿಗೆ 30 ಅಗ್ಗ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಮೊದಲನೆಯವರದು ಕೆ.ಜಿ.ಗೆ 240, ಎರಡನೆಯವರದು 300. ಗದ್ದಲದಲ್ಲಿ ತಲೆ ಓಡುವುದಿಲ್ಲ, ಅದಕ್ಕೇ ಎಲ್ಲ ಕಡೆಯೂ ಒಂದೇ ಅಳತೆಗೆ ರೇಟು ಹೇಳಿಸಿಕೊಳ್ಳಿ. 'ಕೆ.ಜಿ. ಲೆಕ್ಕದಲ್ಲಿ ಹೇಳಣ್ಣ' ಅಂದರೆ ಸಾಕು.

ಹೂವು

ಹಬ್ಬದ ಸಂತೆಯಲ್ಲಿ ಜಾಸ್ತಿ ದುಡ್ಡು ಹೋಗುವುದು, ಜಾಸ್ತಿ ಮೋಸ ಹೋಗುವುದು ಎರಡೂ ಹೂವಿನಲ್ಲೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಟ್ಟಿದ ಹೂವು ನಮ್ಮಲ್ಲಿ ಮಾರಿನ ಲೆಕ್ಕ. ನಾಲ್ಕು ಮೊಳ ಒಂದು ಮಾರು. ಎರಡೂ ಕೈ ಅಗಲಿಸಿ ಹಿಡಿದರೆ ಈ ತುದಿಯಿಂದ ಆ ತುದಿಗೆ ಒಂದು ಮಾರು ಬರಬೇಕು. ಮಾರುವವರ ಮೊಳ ಒಬ್ಬರದು ಉದ್ದ, ಒಬ್ಬರದು ಗಿಡ್ಡ, ಅದರಲ್ಲಿ ತಕರಾರು ಮಾಡಿ ಪ್ರಯೋಜನ ಇಲ್ಲ. ಆದರೆ ಅಳೆಯುವ ಕೈ ನೋಡಿ. ಬೆರಳ ತುದಿಯಿಂದ ಮೊಣಕೈವರೆಗೆ ಪೂರ್ತಿ ಬರುತ್ತಿದೆಯೋ, ಮೊಣಕೈಗೆ ನಾಲ್ಕು ಬೆರಳು ಮೊದಲೇ ತಿರುಗುತ್ತಿದೆಯೋ. ನಾಲ್ಕು ಮೊಳಕ್ಕೆ ನಾಲ್ಕು ಸಲ ನಾಲ್ಕು ಬೆರಳು ಕಮ್ಮಿಯಾದರೆ ಅರ್ಧ ಮೊಳಕ್ಕಿಂತ ಜಾಸ್ತಿ ಹೂವು ಹೋದಂತೆ. ನೀವು ನೋಡುತ್ತಿದ್ದೀರಿ ಅಂತ ಗೊತ್ತಾದರೇ ಸಾಕು, ಕೈ ಸರಿಯಾಗಿ ಚಾಚುತ್ತದೆ. ಬಾಯಿ ಬಿಟ್ಟು ಹೇಳುವ ಅಗತ್ಯ ಕಮ್ಮಿ.

ಉದ್ದಕ್ಕಿಂತ ಮುಖ್ಯ ಒತ್ತು. ಮಲ್ಲಿಗೆ ದಂಡೆಯನ್ನು ಕೈಗೆ ತೊಗೊಂಡು ನಡುವೆ ಎರಡು ಬೆರಳಲ್ಲಿ ಮೆಲ್ಲಗೆ ಸರಿಸಿ ನೋಡಿ. ಹೂವಿನ ತೊಟ್ಟುಗಳ ನಡುವೆ ದಾರ ಬಿಳಿಯಾಗಿ ಕಾಣುತ್ತಿದ್ದರೆ ಬಿಡಿಬಿಡಿಯಾಗಿ ಕಟ್ಟಿದ್ದಾರೆ ಅಂತ ಅರ್ಥ. ತುದಿಯಲ್ಲಿ ಒತ್ತಾಗಿದ್ದು ನಡುವೆ ಸಡಿಲ ಇರುವುದು ಹಬ್ಬದ ಗಡಿಬಿಡಿಯಲ್ಲಿ ಸಾಮಾನ್ಯ. ಸುರುಳಿ ಸುತ್ತಿಟ್ಟ ಹೂವನ್ನು ಹಾಗೇ ಕವರಿಗೆ ಹಾಕಿಸಿಕೊಳ್ಳಬೇಡಿ, ಒಂದು ಸಲ ಬಿಚ್ಚಿಸಿ ನೋಡಿ. ಒತ್ತಾಗಿ ಕಟ್ಟಿದ ಒಂದು ಮಾರಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟರೂ ಲಾಭವೇ.

ನಾಳೆ ಬೆಳಿಗ್ಗೆ ಪೂಜೆ ಇದ್ದರೆ ಮೊಗ್ಗು ತೊಗೊಳ್ಳಿ, ಅರಳಿದ್ದು ಬೇಡ. ಮೊಗ್ಗು ಬೆಳ್ಳಗೆ ಗಟ್ಟಿಯಾಗಿರಲಿ. ಹಸಿರು ತಿರುಗಿದ ಎಳೆ ಮೊಗ್ಗು ಅರಳದೆ ಹಾಗೇ ಬಾಡುತ್ತದೆ. ತೊಟ್ಟಿನ ಹತ್ತಿರ ಕಂದು ಬಣ್ಣ ಬಂದಿದ್ದರೆ ಅದು ನಿನ್ನೆಯದು, ನೀರು ಚಿಮುಕಿಸಿ ಇಟ್ಟಿರುತ್ತಾರೆ. ಈ ನೀರಿನ ವಿಷಯ ತೂಕದ ಹೂವಿಗೂ ಅನ್ವಯಿಸುತ್ತದೆ. ಬಿಡಿ ಸೇವಂತಿಗೆ, ಗುಲಾಬಿ, ಚೆಂಡು ಹೂವು ತೂಕಕ್ಕೆ ಹಾಕುವ ಮೊದಲು ಒಂದು ಹಿಡಿ ಕೈಯಲ್ಲಿ ಕೊಡವಿ. ನೀರು ತೊಟ್ಟಿಕ್ಕಿದರೆ ಆ ರಾಶಿ ಬಿಡಿ, ನೀರಿಗೂ ಹೂವಿನ ರೇಟೇ ಬೀಳುತ್ತದೆ.

ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಇಡಬೇಡಿ. ಬಾಳೆ ಎಲೆಯಲ್ಲೋ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲೋ ಸಡಿಲವಾಗಿ ಸುತ್ತಿಡಿ.

ಇನ್ನೊಂದು ಉಪಾಯ, ಇದು ನನಗೆ ತುಂಬ ಇಷ್ಟವಾದದ್ದು. ವರಮಹಾಲಕ್ಷ್ಮಿಗೆ ಎಲ್ಲರೂ ಮಲ್ಲಿಗೆ, ಕನಕಾಂಬರಕ್ಕೇ ಮುಗಿಬೀಳುತ್ತಾರೆ. ರೇಟು ಏರುವುದು ಅದಕ್ಕೇ. ಕಲಶಕ್ಕೆ ಮತ್ತು ಮುಡಿಗೆ ಬೇಕಾದಷ್ಟು ಮಲ್ಲಿಗೆ ತೊಗೊಂಡು, ಬಾಗಿಲು, ಮಂಟಪ, ಫೋಟೋಗಳಿಗೆ ಚೆಂಡು ಹೂವು, ಸುಗಂಧರಾಜ, ಮನೆಯಂಗಳದ ದಾಸವಾಳ, ಕಣಗಿಲೆ ಬಳಸಿ. ಬಿಡಿ ಹೂವು ತಂದು ಮನೆಯಲ್ಲೇ ಕಟ್ಟಿದರೆ ಖರ್ಚು ಇನ್ನೂ ಇಳಿಯುತ್ತದೆ. ಅಜ್ಜಿ, ಅತ್ತೆ, ಮಕ್ಕಳು ಎಲ್ಲ ಕೂತು ಬಾಳೆನಾರಿನಲ್ಲಿ ಹೂ ಕಟ್ಟುವ ಸಂಜೆಗೆ ಬೇರೆಯದೇ ಸಂತೋಷ ಇದೆ.

ಕಾಯಿ, ಎಲೆ, ಬೆಲ್ಲ

ತೆಂಗಿನಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ನೀರಿನ ಸದ್ದು ಬರಬೇಕು, ಗಾತ್ರಕ್ಕೆ ತಕ್ಕ ಭಾರ ಇರಬೇಕು. ಜುಟ್ಟಿನ ಕೆಳಗೆ ಕಣ್ಣಿನ ಹತ್ತಿರ ಒದ್ದೆ, ಬೂಷ್ಟು ಇದ್ದರೆ ಬೇಡ. ಕಲಶಕ್ಕೆ ಇಡುವ ಕಾಯಿ ಬೇರೆ, ಒಡೆಯುವ ಕಾಯಿ ಬೇರೆ. ಕಲಶದ್ದು ದುಂಡಗೆ, ಜುಟ್ಟು ನೆಟ್ಟಗೆ ಇರಲಿ. ಅಡುಗೆಗೆ ಜುಟ್ಟು ಇಲ್ಲದ ಕಾಯಿ ಕಮ್ಮಿಗೆ ಸಿಕ್ಕರೆ ಅದನ್ನೇ ತನ್ನಿ.

ವೀಳ್ಯದೆಲೆ ಮೈಸೂರಿನ ಚಿಗುರೆಲೆಯೇ ಆಗಲಿ. ಕಟ್ಟಿನ ಮೇಲಿನ ನಾಲ್ಕು ಎಲೆ ಯಾವಾಗಲೂ ಚೆನ್ನಾಗಿರುತ್ತದೆ, ನಡುವಿನಿಂದ ಒಂದೆರಡು ಮಗುಚಿ ನೋಡಿ. ಬಾಳೆಹಣ್ಣಿನಲ್ಲಿ ನಂಜನಗೂಡು ರಸಬಾಳೆ ಅಂತ ಯಾರಾದರೂ ರಾಶಿ ಹಾಕಿಕೊಂಡು ಅಗ್ಗಕ್ಕೆ ಕೂಗುತ್ತಿದ್ದರೆ ಸ್ವಲ್ಪ ನಿಲ್ಲಿ. ಆ ಬೆಳೆ ರೋಗಕ್ಕೆ ಸಿಕ್ಕಿ ತುಂಬ ಕಡಿಮೆಯಾಗಿದೆ, ರಾಶಿರಾಶಿಯಾಗಿ ಬರುವಂಥದ್ದಲ್ಲ. ಪೂಜೆಗೆ ಏಲಕ್ಕಿ ಬಾಳೆ ಸಾಕು.

ಬೆಲ್ಲದಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ಮಂಡ್ಯ ಕಡೆಯ ಅಚ್ಚು ಬೆಲ್ಲ ನಮ್ಮಲ್ಲಿ ಬೇಕಾದಷ್ಟು ಬರುತ್ತದೆ. ಹೊಳೆಯುವ ತಿಳಿಹಳದಿ ಬಣ್ಣ ಬರಲೆಂದು ಕುದಿಸುವಾಗ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವವರಿದ್ದಾರೆ. ಕಂದು ಬಣ್ಣದ ಬೆಲ್ಲ ನೋಡಲು ಚಂದ ಇಲ್ಲದಿದ್ದರೂ ಕಡುಬಿಗೆ, ಒಬ್ಬಟ್ಟಿಗೆ ರುಚಿ ಅದರದ್ದೇ. ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ಉಪ್ಪುಪ್ಪು ಅನ್ನಿಸಿದರೆ ಬಿಡಿ.

ಚೌಕಾಸಿ ಎಲ್ಲಿ ಮಾಡಬೇಕು, ಎಲ್ಲಿ ಬೇಡ

ಪ್ಯಾಕೆಟ್ ಮೇಲೆ ಎಂಆರ್‌ಪಿ ಇರುವ ಸಾಮಾನಿಗೆ ಅದಕ್ಕಿಂತ ಜಾಸ್ತಿ ಕೊಡಬೇಕಿಲ್ಲ, ಕಮ್ಮಿಗೆ ಕೇಳಬಹುದು. ಬಟ್ಟೆ, ಪಾತ್ರೆ, ಚೀಲ, ಅಲಂಕಾರದ ಸಾಮಾನು, ಗೊಂಬೆ, ಆಟಿಕೆ, ಇವೆಲ್ಲ ಚೌಕಾಸಿಗೆ ಜಾಗ ಇರುವಂಥವು. ಇವುಗಳಲ್ಲಿ ಮೊದಲು ಹೇಳುವ ರೇಟಿನಲ್ಲಿ ಗಿರಾಕಿ ಕಮ್ಮಿಗೆ ಕೇಳುತ್ತಾರೆ ಅನ್ನುವ ಲೆಕ್ಕ ಸೇರಿಕೊಂಡೇ ಇರುತ್ತದೆ.

ಕೇಳುವ ರೀತಿ ಹೀಗಿರಲಿ. ಮೊದಲು ಸಾಮಾನು ಕೈಗೆ ತೊಗೊಂಡು ಚೆನ್ನಾಗಿ ನೋಡಿ. ತುಂಬ ಇಷ್ಟವಾಯಿತು ಅಂತ ಮಗಳ ಹತ್ತಿರ ಜೋರಾಗಿ ಹೇಳಬೇಡಿ. ಅವರು ರೇಟು ಹೇಳಿದ ಮೇಲೆ ನೀವು ನಿಜವಾಗಿ ಕೊಡಲು ತಯಾರಿರುವುದಕ್ಕಿಂತ ಸ್ವಲ್ಪ ಕಮ್ಮಿ ಹೇಳಿ. ಅರ್ಧಕ್ಕರ್ಧ ಕೇಳುವುದು ಎಲ್ಲ ಕಡೆ ನಡೆಯುವುದಿಲ್ಲ, ಒಮ್ಮೊಮ್ಮೆ ಅವಮಾನ ಮಾಡಿದಂತೆ ಆಗುತ್ತದೆ. 'ಅಸಲೇ ಬರಲ್ಲ ಅಕ್ಕ' ಅಂದರೆ ಬೇಸರ ಪಡಬೇಡಿ, 'ಎರಡು ತೊಗೋತೀನಿ, ಕೊನೆ ರೇಟು ಹೇಳಿ' ಅನ್ನಿ. ಒಂದಕ್ಕೆ ಇಳಿಯದ ರೇಟು ಎರಡಕ್ಕೆ ಇಳಿಯುತ್ತದೆ. ಆಗಲೂ ಹೊಂದದಿದ್ದರೆ 'ಆಯ್ತು ಅಣ್ಣ, ಒಂದು ಸುತ್ತು ನೋಡಿ ಬರ್ತೀನಿ' ಅಂತ ನಗುನಗುತ್ತಾ ಹೊರಡಿ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕರೆದರೆ ರೇಟಿನಲ್ಲಿ ಜಾಗ ಇತ್ತು ಅಂತ ಅರ್ಥ. ಕರೆಯದಿದ್ದರೆ ಅವರು ಹೇಳಿದ್ದು ನಿಜ ಇರಬಹುದು, ವಾಪಸ್ ಹೋಗಿ ತೊಗೊಳ್ಳಲು ನಾಚಿಕೆ ಬೇಡ. ನೀವೇ ಒಂದು ರೇಟು ಹೇಳಿ, ಅವರು ಒಪ್ಪಿದ ಮೇಲೆ 'ಬೇಡ' ಅನ್ನುವುದು ಮಾತ್ರ ತಪ್ಪು.

ತರಕಾರಿ, ಸೊಪ್ಪಿನ ಹತ್ತಿರ ರೇಟು ಇಳಿಸುವುದಕ್ಕಿಂತ ಕೊಸರು ಕೇಳುವುದು ವಾಸಿ. ಎರಡು ಕೆ.ಜಿ. ತರಕಾರಿ ತೊಗೊಂಡವರಿಗೆ ಒಂದು ಹಿಡಿ ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಎರಡು ನಿಂಬೆಹಣ್ಣು ಹಾಕಲು ಯಾರೂ ಬೇಡ ಅನ್ನುವುದಿಲ್ಲ. ಹೂವಿನವರ ಹತ್ತಿರವೂ ಒಂದು ಗೇಣು ಹೂವು ಕೊಸರು ಸಿಗುತ್ತದೆ. ಕೊಡುವವರಿಗೂ ಭಾರ ಅಲ್ಲ, ತೊಗೊಂಡವರಿಗೂ ಸಂತೋಷ.

ಒಂದು ಕಡೆ ಮಾತ್ರ ಚೌಕಾಸಿ ಮಾಡಬೇಡಿ ಅಂತ ನಾನು ಕಳಕಳಿಯಿಂದ ಕೇಳುತ್ತೇನೆ. ಹಬ್ಬದ ಹಿಂದಿನ ದಿನ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು, ಫುಟ್‌ಪಾತಿನಲ್ಲಿ ಗೋಣಿಚೀಲ ಹಾಸಿಕೊಂಡು ಮಾವಿನ ಸೊಪ್ಪು, ಗರಿಕೆ, ತುಳಸಿ, ಎಕ್ಕದ ಹೂವು ಮಾರುವ ವಯಸ್ಸಾದ ಹೆಂಗಸರು ಇರುತ್ತಾರೆ. ಅವರ ಮುಂದಿನ ರಾಶಿಯೆಲ್ಲ ಮಾರಿದರೂ ಬರುವುದು ಅಷ್ಟರಲ್ಲೇ. ಬಿಸಿಲಲ್ಲಿ ಕೂತು, ಆಗಾಗ ಜಾಗ ಬಿಡಿ ಅನ್ನಿಸಿಕೊಂಡು ಮಾರುವವರು. ದೊಡ್ಡ ಅಂಗಡಿಯಲ್ಲಿ ಬೋರ್ಡ್ ರೇಟಿಗೆ ತುಟಿ ಎರಡು ಮಾಡದೆ ದುಡ್ಡು ಕೊಟ್ಟು ಬಂದು ಇವರ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದು ಸರಿಯಲ್ಲ. ಅವರು ಹೇಳಿದ್ದನ್ನು ಕೊಟ್ಟುಬಿಡಿ. ಚಿಲ್ಲರೆ ಸರಿಯಾಗಿ ಕೊಡಿ, ಅವರಿಗೆ ಬೇಕಾಗಿರುವುದು ಅದೇ.

ಬಟ್ಟೆ, ಬಳೆ, ರೇಷ್ಮೆ

ರಸ್ತೆ ಬದಿಯ ಬಟ್ಟೆಗೆ ಹಾಕಿ ನೋಡುವ ಅನುಕೂಲ ಇಲ್ಲ, ವಾಪಸ್ಸು ತೊಗೊಳ್ಳುವುದು ಕಷ್ಟ. ಮನೆಯಿಂದ ಹೊರಡುವಾಗಲೇ ಮಕ್ಕಳಿಗೆ ಸರಿಯಾಗುವ ಹಳೆ ಅಂಗಿಯ ಭುಜ, ಎದೆ, ಉದ್ದದ ಅಳತೆ ಟೇಪಿನಲ್ಲಿ ಹಿಡಿದು ಬರೆದುಕೊಳ್ಳಿ. ಲೇಬಲ್ ಮೇಲಿನ ಸೈಜು ನಂಬಬೇಡಿ, ಟೇಪು ಹಿಡಿದು ನೋಡಿ. ಹೊಲಿಗೆಯ ಎರಡು ಬದಿಯನ್ನೂ ಮೆಲ್ಲಗೆ ಎಳೆಯಿರಿ, ನಡುವೆ ಬೆಳಕು ಕಂಡರೆ ಒಂದೆರಡು ಸಲ ಒಗೆದ ಮೇಲೆ ಬಿಡುತ್ತದೆ. ಕರವಸ್ತ್ರದ ತುದಿ ಒದ್ದೆ ಮಾಡಿ ಒಳಮಡಿಕೆಗೆ ಉಜ್ಜಿದರೆ ಬಣ್ಣ ಹೋಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬೆಳಕಿನ ವಿಷಯವೂ ಇದೆ. ಅಂಗಡಿಯ ಬಿಳಿ ಬಲ್ಬಿನ ಕೆಳಗೆ ಎಲ್ಲ ಬಣ್ಣವೂ ಹೊಳೆಯುತ್ತದೆ. ಆದಷ್ಟು ಹಗಲು ಹೊತ್ತಿನಲ್ಲೇ ಬಟ್ಟೆ ಆರಿಸಿ.

ಬಳೆಗೆ ಎರಡು ನಾಲ್ಕು, ಎರಡು ಆರು, ಎರಡು ಎಂಟು ಅಂತ ಸೈಜು ಹೇಳುತ್ತಾರೆ. ಅಕ್ಕ ತಂಗಿಯರಿಗೆ, ಬಾಗಿನ ಕೊಡುವವರಿಗೆ ತೊಗೊಳ್ಳುವುದಾದರೆ ಅವರ ಒಂದು ಹಳೆ ಬಳೆ ಜೊತೆಯಲ್ಲಿರಲಿ. ಡಜನ್ ಎಣಿಸಿಕೊಳ್ಳಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡಿ.

'ಮೈಸೂರು ಸಿಲ್ಕ್' ಅಂತ ಫುಟ್‌ಪಾತಿನಲ್ಲಿ ಕೂಗಿ ಮಾರುವ ಸೀರೆ ಬಗ್ಗೆ ಊರಿನವರಿಗೆ ಹೇಳಬೇಕಿಲ್ಲ. ದಸರಾಗೆ ಬಂದ ನೆಂಟರಿಗೆ ದಯವಿಟ್ಟು ಹೇಳಿ. ಮೈಸೂರು ರೇಷ್ಮೆಗೆ 2005ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. 1912ರಲ್ಲಿ ಶುರುವಾದ ಸರ್ಕಾರಿ ನೇಯ್ಗೆ ಕಾರ್ಖಾನೆಯ ಸೀರೆ ಬೇಕಿದ್ದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಕೆಎಸ್‌ಐಸಿ ಮಳಿಗೆಗೇ ಹೋಗಬೇಕು, ಅಲ್ಲಿನ ಪ್ರತಿ ಸೀರೆಗೂ ತನ್ನದೇ ಗುರುತಿನ ಸಂಖ್ಯೆ ಇರುತ್ತದೆ. ಬೇರೆ ಅಂಗಡಿಯ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಫುಟ್‌ಪಾತಿನ ಸೀರೆ ಸಿಂಥೆಟಿಕ್ ಕ್ರೇಪ್ ಅಂತ ತಿಳಿದುಕೊಂಡು ಅದರ ರೇಟು ಕೊಟ್ಟರೆ ಅದೂ ಒಳ್ಳೆಯ ವ್ಯಾಪಾರವೇ. ಮಾರುಕಟ್ಟೆ ಒಳಗೆ ಬಣ್ಣಬಣ್ಣದ ಸೀಸೆಗಳಲ್ಲಿ ಸಿಗುವ 'ಶುದ್ಧ ಗಂಧದೆಣ್ಣೆ'ಗೂ ಇದೇ ಮಾತು. ನಿಜವಾದ ಗಂಧದೆಣ್ಣೆ ತುಂಬ ದುಬಾರಿ. ನೂರಿನ್ನೂರಕ್ಕೆ ಸಿಗುವುದು ಪರಿಮಳದ ಎಣ್ಣೆ ಅಷ್ಟೇ.

ತಕ್ಕಡಿ ಕಡೆ ಒಂದು ಕಣ್ಣು

ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಸಾಮಾನು ಹಾಕುವ ಮೊದಲು ಸೊನ್ನೆ ತೋರಿಸಬೇಕು. ಅಂಕಿ ನಿಮ್ಮ ಕಡೆಗೆ ಕಾಣುವಂತೆ ತಿರುಗಿಸಲು ಹೇಳಿ. ಕೈ ತಕ್ಕಡಿಯಾದರೆ ಖಾಲಿ ತಟ್ಟೆ ಎರಡೂ ಸಮ ನಿಂತಿದೆಯಾ ನೋಡಿ. ತಟ್ಟೆಯ ಅಡಿಗೆ ಹುಣಸೆಹಣ್ಣು, ಆಯಸ್ಕಾಂತ ಅಂಟಿಸಿದ್ದರೆ ಆಗಲೇ ಗೊತ್ತಾಗುತ್ತದೆ. ಕಲ್ಲನ್ನು ಬಟ್ಟಾಗಿ ಇಡುವುದು ನಿಯಮಕ್ಕೆ ವಿರುದ್ಧ. ಕಬ್ಬಿಣದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ತೂಕದಲ್ಲಿ ಅನುಮಾನ ಬಂದರೆ ಅಲ್ಲೇ ಇನ್ನೊಂದು ಅಂಗಡಿಯಲ್ಲಿ ತೂಗಿಸಿ ನೋಡಿ. ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಬಿಲ್ ಅಥವಾ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ದುಡ್ಡು, ಫೋನು, ಮಕ್ಕಳು

ಹಬ್ಬದ ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಸ್ವಲ್ಪ ನಗದು, ಅದರಲ್ಲೂ ಹತ್ತು, ಇಪ್ಪತ್ತು, ಐವತ್ತರ ನೋಟು ಇರಲಿ. ಐನೂರರ ನೋಟು ಹಿಡಿದುಕೊಂಡು ಮೂವತ್ತು ರೂಪಾಯಿಯ ಸೊಪ್ಪು ಕೇಳಿದರೆ ಚೌಕಾಸಿಯ ಮಾತೇ ಇಲ್ಲ, ಚಿಲ್ಲರೆ ಸಿಕ್ಕಿದರೆ ಸಾಕಾಗುತ್ತದೆ. ದಿನದ ಖರ್ಚಿನ ದುಡ್ಡು ಒಂದು ಕಡೆ, ಉಳಿದದ್ದು ಒಳಜೇಬಿನಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬಂದ ಹೆಸರನ್ನು ಅಂಗಡಿಯವರಿಗೆ ಓದಿ ಹೇಳಿ, ಆಮೇಲೆ ಪಿನ್ ಒತ್ತಿ. ಸೌಂಡ್‌ಬಾಕ್ಸ್ ಕೂಗುವವರೆಗೆ ಅಲ್ಲೇ ಇರಿ, ಗಲಾಟೆಯಲ್ಲಿ ಕೇಳಿಸದೆ ಜಗಳ ಆಗುತ್ತದೆ. ದುಡ್ಡು ವಾಪಸ್ ಪಡೆಯಲು ಪಿನ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಅದು ಮೋಸ. ಹಾಗೇನಾದರೂ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಫೋನು ಹಿಂದಿನ ಜೇಬಿನಲ್ಲಿ ಬೇಡ. ಕೈಚೀಲ ಭುಜದ ಹಿಂದೆ ಹಾಕದೆ ಎದೆಗೆ ಅಡ್ಡವಾಗಿ ಮುಂದಕ್ಕೆ ಹಾಕಿಕೊಳ್ಳಿ. ಕತ್ತಿನ ಚಿನ್ನ ಮನೆಯಲ್ಲೇ ಇರಲಿ, ಹಾಕಿಕೊಳ್ಳಲೇಬೇಕು ಅಂದರೆ ಸೆರಗು ಪಿನ್ ಮಾಡಿ ಮುಚ್ಚಿ. ಮನೆಯಿಂದ ಹೊರಡುವ ಮೊದಲು ಫೋನಿನಲ್ಲಿ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಕಳೆದ ಫೋನುಗಳಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಸಿಇಐಆರ್ ಜಾಲತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಲು ಆ ಸಂಖ್ಯೆ ಬೇಕು.

ಚಿಕ್ಕ ಮಕ್ಕಳನ್ನು ಹಿಂದಿನ ದಿನದ ಸಂಜೆ ಕರೆದುಕೊಂಡು ಹೋಗದಿದ್ದರೆ ಒಳ್ಳೆಯದು. ಅವರ ಕಣ್ಣಿಗೆ ಕಾಣುವುದು ದೊಡ್ಡವರ ಸೊಂಟ ಮತ್ತು ಚೀಲಗಳು ಮಾತ್ರ, ಬೇಗ ಹೆದರುತ್ತಾರೆ. ಕರೆದುಕೊಂಡು ಹೋಗಲೇಬೇಕಾದರೆ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಹಾಕಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಅಂತ ಒಳಗೆ ಹೋಗುವ ಮೊದಲೇ ತೋರಿಸಿ. ಚಿಕ್ಕ ಗಡಿಯಾರ ದೂರದಿಂದಲೂ ಕಾಣುತ್ತದೆ, ಮಕ್ಕಳಿಗೂ ನೆನಪಿರುತ್ತದೆ. ವಯಸ್ಸಾದವರು ಜೊತೆಯಲ್ಲಿದ್ದರೆ ನೀರಿನ ಬಾಟಲಿ ಮರೆಯಬೇಡಿ.

ಕಂದು ಮತ್ತು ಕುಂಬಳ

ಕೊನೆಯದಾಗಿ ಆಯುಧಪೂಜೆಯ ಬಾಳೆಕಂದಿನ ವಿಷಯ. ಕಂದನ್ನು ಜೋಡಿ ಲೆಕ್ಕದಲ್ಲಿ ಮಾರುತ್ತಾರೆ. ಬೆಳಿಗ್ಗೆಯೇ ಮನೆಯ ಪೂಜೆ ಮಾಡುವವರು ಹಿಂದಿನ ದಿನ ಮಧ್ಯಾಹ್ನವೇ ತರಬೇಕು, ಬೇರೆ ದಾರಿ ಇಲ್ಲ. ಬರೀ ಸ್ಕೂಟರು, ಕಾರಿಗೆ ಸಂಜೆ ಪೂಜೆ ಮಾಡುವವರು ಹಬ್ಬದ ದಿನ ಮಧ್ಯಾಹ್ನದ ಮೇಲೆ ತರಬಹುದು. ಹಳ್ಳಿಯಿಂದ ಗಾಡಿ ತುಂಬಾ ತಂದವರು ಅದನ್ನು ವಾಪಸ್ಸು ತೊಗೊಂಡು ಹೋಗಲಾರರು, ಆಗ ರೇಟು ತಾನಾಗಿಯೇ ಇಳಿದಿರುತ್ತದೆ. ಕಂದಿನ ಬುಡ ಗಟ್ಟಿ ಇದೆಯಾ, ಸುಳಿ ಎಲೆ ಹರಿಯದೆ ಇದೆಯಾ ನೋಡಿ. ವಾಹನಕ್ಕೆ ಚಿಕ್ಕ ಕಂದು ಸಾಕು, ದೊಡ್ಡದನ್ನು ಕಟ್ಟಿಕೊಂಡು ಓಡಿಸಿದರೆ ಕನ್ನಡಿ, ದೀಪ ಮುಚ್ಚಿಹೋಗುತ್ತದೆ.

ಬೂದುಗುಂಬಳ ಮಧ್ಯಮ ಗಾತ್ರದ್ದು ತೊಗೊಳ್ಳಿ, ದೃಷ್ಟಿ ತೆಗೆಯಲು ಹತ್ತು ಕೆ.ಜಿ. ಕಾಯಿ ಬೇಕಿಲ್ಲ. ಒಡೆದ ಮೇಲೆ ಚೂರುಗಳನ್ನು ರಸ್ತೆಯ ನಡುವೆ ಬಿಡಬೇಡಿ. ಅದರ ಮೇಲೆ ಜಾರಿ ಬೈಕಿನವರು ಬೀಳುತ್ತಾರೆ. ಬದಿಗೆ ಗುಡಿಸಿ ಹಾಕಿ. ಕಂದನ್ನು ಮಾರನೆಯ ದಿನ ಕತ್ತರಿಸಿ ಹಸಿಕಸದ ಡಬ್ಬಿಗೆ ಹಾಕಿ, ಹತ್ತಿರದಲ್ಲಿ ಹಸು ಸಾಕಿದವರು ಇದ್ದರೆ ಅವರಿಗೇ ಕೊಟ್ಟುಬಿಡಿ.